ಅರೆದಿನದ ಕಾಯಕಕ್ಕೆ ಯಾವ ಕಾಲಂ?

ಭಾನುವಾರದ ಶರಣ ಸಂಗಮ ಮುಗಿದು ಪ್ರಸಾದವಾದ ಮೇಲೆ ನಮ್ಮೂರ ಮಠದ ಪ್ರಸಾದ ನಿಲಯದ ಪಡಸಾಲೆಯಲ್ಲಿ ನಾನು ಎರಡು ತಾಸು ಕೂರುತ್ತೇನೆ. ಪದವಿಪೂರ್ವ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ವಾಣಿಜ್ಯ ಶಾಸ್ತ್ರ ಹೇಳಿ ನಿವೃತ್ತನಾದವನು. ಅರ್ಜಿ ತುಂಬುವುದೊಂದೇ ಈಗ ನನ್ನಿಂದ ನಾಲ್ಕು ಜನಕ್ಕೆ ಆಗುವ ಉಪಯೋಗ. ವೃದ್ಧಾಪ್ಯ ವೇತನ, ಬೆಳೆ ವಿಮೆ, ವಿದ್ಯಾರ್ಥಿವೇತನ, ಆಧಾರ್ ಜೋಡಣೆ, ಹೀಗೆ ಏನೇನೋ ಬರುತ್ತವೆ. ಯುವನಿಧಿ ಶುರುವಾದ ಮೇಲೆ ಹುಡುಗ ಹುಡುಗಿಯರೇ ಹೆಚ್ಚು.

ಒಂದು ಭಾನುವಾರ ಬಿ.ಎಸ್ಸಿ. ಮುಗಿಸಿದ ಹುಡುಗಿಯೊಬ್ಬಳು ಮೊಬೈಲ್ ಹಿಡಿದು ಬಂದಳು. ಯುವನಿಧಿ ಮಂಜೂರಾಗಿತ್ತು, ಎರಡು ಕಂತು ಬಂದಿತ್ತು. ಮುಂದಿನ ಕಂತಿಗೆ ಸ್ವಯಂ ಘೋಷಣೆ ಕೊಡಬೇಕು. "ಸರ್, ಒತ್ತಲೋ ಬೇಡವೋ?" ಎಂದಳು.

"ಯಾಕವ್ವಾ, ಏನಾತು?"

"ನಾನು ಒಂದು ಸಾಲಿಗೆ ಹೊಂಟೀನಿ ಸರ್. ಬೆಳಿಗ್ಗೆ ಮೂರು ತಾಸು, ಲೆಕ್ಕ ಹೇಳಿಕೊಡಾಕೆ. ತಿಂಗಳಿಗೆ ಎರಡೂವರೆ ಸಾವಿರ ಕೊಡ್ತಾರೆ. ಇದು ಉದ್ಯೋಗನಾ?"

ನಾನು ನಕ್ಕುಬಿಟ್ಟೆ. "ಎರಡೂವರೆ ಸಾವಿರಕ್ಕೆ ಉದ್ಯೋಗ ಅಂತಾರೇನವ್ವಾ? ಒತ್ತು" ಎಂದೆ. ಒತ್ತಿದಳು. ಹಿಂದೆ ಇನ್ನೂ ಆರು ಜನ ಸಾಲಿನಲ್ಲಿದ್ದರು.

ಈ ಲೇಖನ ಬರೆಯಲು ಕಾರಣ ನನ್ನ ಆ ನಗು. ಅದು ತಪ್ಪಾಗಿತ್ತು. ಮೂರು ತಿಂಗಳ ಮೇಲೆ ಅದೇ ಹುಡುಗಿ ಮತ್ತೆ ಬಂದಾಗಲೇ ಅದು ನನಗೆ ತಿಳಿದದ್ದು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಯೋಜನೆಯ ನಿಯಮ ನೋಡೋಣ, ಏಕೆಂದರೆ ನಮ್ಮಲ್ಲಿ ಅನೇಕರು ಇದನ್ನು ಬಸ್ ನಿಲ್ದಾಣದ ಮಾತಿನಿಂದ ತಿಳಿದವರು, ಆದೇಶ ಓದಿ ತಿಳಿದವರಲ್ಲ. ನಾನೂ ಅವರಲ್ಲೊಬ್ಬನಾಗಿದ್ದೆ.

ಯುವನಿಧಿಯ ನೋಂದಣಿ 2023ರ ಡಿಸೆಂಬರ್ 26ರಂದು ಶುರುವಾಯಿತು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಮೊದಲ ಹಣ ಬಿಡುಗಡೆಯಾಯಿತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. 2022-23ರಲ್ಲಿ ತೇರ್ಗಡೆಯಾಗಿ ಆರು ತಿಂಗಳು ಕಳೆದರೂ ಕೆಲಸ ಸಿಗದವರಿಂದ ಆರಂಭ. ಹೆಚ್ಚೆಂದರೆ ಎರಡು ವರ್ಷ, ಅಥವಾ ಕೆಲಸ ಸಿಗುವವರೆಗೆ, ಯಾವುದು ಮೊದಲೋ ಅದು. ಮುಂದೆ ಓದುತ್ತಿರುವವರಿಗಿಲ್ಲ, ಅಪ್ರೆಂಟಿಸ್ ಭತ್ಯೆ ಪಡೆಯುವವರಿಗಿಲ್ಲ, ಸರ್ಕಾರಿ ಅಥವಾ ಖಾಸಗಿ ಉದ್ಯೋಗದಲ್ಲಿರುವವರಿಗಿಲ್ಲ, ಸರ್ಕಾರದ ಯೋಜನೆಯಿಂದಲೋ ಬ್ಯಾಂಕಿನಿಂದಲೋ ಸಾಲ ಪಡೆದು ಸ್ವಂತ ಉದ್ಯೋಗ ಮಾಡುವವರಿಗೂ ಇಲ್ಲ. ನಾನು ನಿರುದ್ಯೋಗಿ, ಮುಂದೆ ಓದುತ್ತಿಲ್ಲ ಎಂದು ಸೇವಾಸಿಂಧುವಿನಲ್ಲಿ ಘೋಷಿಸಬೇಕು. ಶುರುವಿನಲ್ಲಿ ಇದು ತಿಂಗಳು ತಿಂಗಳೂ ಆಗಬೇಕಿತ್ತು. ಸುಳ್ಳು ಘೋಷಣೆ ಕೊಟ್ಟರೆ ಕ್ರಮವಿದೆ.

ಇಷ್ಟರಲ್ಲಿ "ಅರ್ಧ" ಎಂಬ ಮಾತು ಎಲ್ಲಿದೆ ಹುಡುಕಿ. ವಾರಕ್ಕೆ ಇಷ್ಟು ತಾಸಿಗಿಂತ ಕಡಿಮೆ ದುಡಿದರೆ ಇಷ್ಟು, ಇಷ್ಟು ರೂಪಾಯಿಗಿಂತ ಕಡಿಮೆ ಬಂದರೆ ಇಷ್ಟು ಎಂಬ ಮೆಟ್ಟಿಲು ಅದರಲ್ಲಿಲ್ಲ. ಉದ್ಯೋಗ ಉಂಟು, ಇಲ್ಲವೇ ಇಲ್ಲ. ಬೆಳಿಗ್ಗೆ ಮೂರು ತಾಸು ಲೆಕ್ಕ ಹೇಳುವವಳೂ ಉದ್ಯೋಗಿ, ಬೆಂಗಳೂರಿನಲ್ಲಿ ಎಂಬತ್ತು ಸಾವಿರ ಎಣಿಸುವವನೂ ಉದ್ಯೋಗಿ. ಅಕ್ಷರಕ್ಕೆ ಅಕ್ಷರ ಓದಿದರೆ ಆ ಹುಡುಗಿ ಖಾಸಗಿ ಉದ್ಯೋಗದಲ್ಲಿರುವವಳೇ. ಅಂದರೆ ನಾನು ನಗುತ್ತಾ ಅವಳಿಂದ ಸುಳ್ಳು ಹೇಳಿಸಿದ್ದೆ.

ಲೆಕ್ಕ ಹಾಕೋಣ, ಅದೇ ನನ್ನ ವೃತ್ತಿ. ಮನೆಯಲ್ಲಿ ಸುಮ್ಮನೆ ಕೂತರೆ ತಿಂಗಳಿಗೆ 3,000. ದಿನಾ ಬೆಳಿಗ್ಗೆ ಎದ್ದು ಮಕ್ಕಳಿಗೆ ಭಿನ್ನರಾಶಿ ಹೇಳಿಕೊಟ್ಟು, ಅದನ್ನು ಸತ್ಯವಾಗಿ ಘೋಷಿಸಿದರೆ 2,500. ದುಡಿದದ್ದಕ್ಕೆ ತಿಂಗಳಿಗೆ ಐದು ನೂರು ದಂಡ! ಶಕ್ತಿ ಯೋಜನೆ ಇರುವುದರಿಂದ ಅವಳಿಗೆ ಬಸ್ಸಿನ ಖರ್ಚಿಲ್ಲ. ಅವಳ ಜಾಗದಲ್ಲಿ ಹುಡುಗನಿದ್ದರೆ ಪಾಸಿನ ದುಡ್ಡನ್ನೂ ಕಳೆಯಿರಿ. ಇನ್ನೊಬ್ಬ ಹುಡುಗ ನನಗೆ ಗೊತ್ತು. ಮೊಬೈಲ್ ಅಂಗಡಿಯಲ್ಲಿ ಸಂಜೆ ಹೊತ್ತು ನಿಂತು 4,000 ತರುತ್ತಾನೆ. ಸತ್ಯ ಹೇಳಿದರೆ ಅವನ ನಿಜವಾದ ಗಳಿಕೆ ಒಂದೇ ಸಾವಿರ, ಏಕೆಂದರೆ ಮೂರು ಸಾವಿರ ಕೂತರೂ ಬರುತ್ತಿತ್ತು. ತಿಂಗಳಿಗೆ ಇಪ್ಪತ್ತಾರು ಸಂಜೆ, ಸಂಜೆಗೆ ನಾಲ್ಕು ತಾಸು ಎಂದರೆ ನೂರಾ ನಾಲ್ಕು ತಾಸಾಯಿತು. ತಾಸಿಗೆ ಹತ್ತು ರೂಪಾಯಿಯೂ ಬೀಳುವುದಿಲ್ಲ. ನಮ್ಮಲ್ಲಿ ಹೊಲ ಕಳೆಯುವ ಹೆಣ್ಣಾಳೂ ಇಷ್ಟಕ್ಕೆ ಬಗ್ಗಲಾರಳು.

ಹೀಗಿರುವಾಗ ಹುಡುಗರು ಏನು ಮಾಡುತ್ತಾರೆ? ಮೂರು ದಾರಿ ಕಂಡಿದ್ದೇನೆ. ಕೆಲವರು ಸಣ್ಣ ಕೆಲಸವನ್ನೇ ಬಿಡುತ್ತಾರೆ. ಕೆಲವರು ಸತ್ಯ ಹೇಳಿ ಕಳೆದುಕೊಳ್ಳುತ್ತಾರೆ, ಇವರು ತೀರ ಕಡಿಮೆ. ಉಳಿದವರು ಕೆಲಸವನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟವರನ್ನು ಕಳ್ಳರೆನ್ನುವ ಮೊದಲು, ಮುಚ್ಚಿಡಲು ಕಲಿಸಿದವರಲ್ಲಿ ನನ್ನಂಥ ನಿವೃತ್ತ ಮೇಷ್ಟ್ರೂ ಇದ್ದಾರೆಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ನಿಯಮ ಮಾಡುವವರಿಗೆ ಅರ್ಧವನ್ನು ಅಳೆಯುವುದು ಗೊತ್ತಿಲ್ಲವೇ? ಗೊತ್ತಿತ್ತು. ಎಪ್ಪತ್ತು ವರ್ಷದ ಹಿಂದೆಯೇ ಗೊತ್ತಿತ್ತು. ಅದು ನನಗೆ ತಿಳಿದದ್ದು ಪುಸ್ತಕದಿಂದಲ್ಲ, ನನ್ನ ತಂದೆಯ ಚೀಲದಿಂದ.

ನಮ್ಮ ತಂದೆ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿದ್ದರು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿದ್ದ ಕಾಲ ಅದು. ಮೊದಲು ಬದಲಿ ಆಳು, ಯಾರಾದರೂ ರಜೆ ಹಾಕಿದರೆ ಮಾತ್ರ ಕೆಲಸ. ಆಮೇಲೆ ಕಾಯಂ ಆದರು. ಕರೆಂಟು ಕಡಿತದ ದಿನಗಳಲ್ಲಿ ಗಿರಣಿ ಪೂರ್ತಿ ಓಡುತ್ತಿರಲಿಲ್ಲ. ಆಗ ಲೇ-ಆಫ್. ನಾನು ಸಣ್ಣವನು. ನನಗೆ ತಿಳಿಯುತ್ತಿದ್ದದ್ದು ಇಷ್ಟೇ: ಅಪ್ಪ ಬುತ್ತಿ ಕಟ್ಟಿಸಿಕೊಂಡು ಹೋಗಿ ಎರಡು ತಾಸಿಗೆ ಬುತ್ತಿ ಸಮೇತ ಮರಳಿದರೆ ಅದು ಲೇ-ಆಫ್. ಆ ಬುತ್ತಿಯನ್ನು ನಾವು ಮಕ್ಕಳು ಹಂಚಿಕೊಂಡು ತಿನ್ನುತ್ತಿದ್ದೆವು, ನಮಗದು ಹಬ್ಬ.

ಅಪ್ಪ ತೀರಿಕೊಂಡ ಮೇಲೆ ಅವರ ಕೈಚೀಲದಲ್ಲಿ ಸಂಬಳದ ಚೀಟಿಗಳು ಸಿಕ್ಕವು. ಒಂದೊಂದು ದಿನಕ್ಕೆ ಅರ್ಧ ಕೂಲಿ, ಕೆಲವು ದಿನಕ್ಕೆ ಮುಕ್ಕಾಲು. ಈ ಮುಕ್ಕಾಲು ಎಲ್ಲಿಂದ ಬಂತೆಂದು ತಲೆ ಕೆಡಿಸಿಕೊಂಡು ಔದ್ಯೋಗಿಕ ವಿವಾದಗಳ ಕಾಯ್ದೆಯನ್ನು ತೆಗೆದು ನೋಡಿದೆ. ಕಾಯ್ದೆ 1947ರದು, ಲೇ-ಆಫ್ ಪರಿಹಾರದ ಅಧ್ಯಾಯ ಸೇರಿದ್ದು 1953ರ ತಿದ್ದುಪಡಿಯಲ್ಲಿ. ಕಲ್ಲಿದ್ದಲು, ವಿದ್ಯುತ್ತು, ಕಚ್ಚಾಮಾಲು ಇಲ್ಲದೆಯೋ, ಯಂತ್ರ ಕೆಟ್ಟೋ, ಮಾಲು ರಾಶಿ ಬಿದ್ದೋ ಮಾಲೀಕನು ಕೆಲಸ ಕೊಡಲಾಗದಿದ್ದರೆ, ಹಾಜರಿ ಪುಸ್ತಕದಲ್ಲಿ ಹೆಸರಿದ್ದು ಒಂದು ವರ್ಷ ಸೇವೆ ಮುಗಿಸಿದ ಕಾರ್ಮಿಕನಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಕೊಡಬೇಕಿತ್ತು. ಬದಲಿ ಆಳಿಗೆ, ದಿನಗೂಲಿಗೆ ಇರಲಿಲ್ಲ. ಐವತ್ತಕ್ಕಿಂತ ಕಡಿಮೆ ಕಾರ್ಮಿಕರಿರುವ ಕಾರ್ಖಾನೆಗೆ ಅನ್ವಯಿಸುತ್ತಲೂ ಇರಲಿಲ್ಲ.

ಲೇ-ಆಫ್ ಎಂದರೆ ಏನೆಂದು ವಿವರಿಸುವ ಜಾಗದಲ್ಲಿ ಒಂದು ಟಿಪ್ಪಣಿ ಇತ್ತು, ಅದು ನನ್ನ ಮನಸ್ಸನ್ನು ಹಿಡಿದುಬಿಟ್ಟಿತು. ಪಾಳಿಯ ಶುರುವಿಗೆ ಬಂದ ಕಾರ್ಮಿಕನಿಗೆ ಎರಡು ತಾಸಿನೊಳಗೆ ಕೆಲಸ ಕೊಡದಿದ್ದರೆ ಅಂದು ಅವನು ಲೇ-ಆಫ್. ಆದರೆ "ಈಗ ಬೇಡ, ಪಾಳಿಯ ಎರಡನೆಯ ಅರ್ಧಕ್ಕೆ ಬಾ" ಎಂದು ಹೇಳಿ ಆಗ ಕೆಲಸ ಕೊಟ್ಟರೆ, ಅವನು ಅರ್ಧ ದಿನಕ್ಕೆ ಮಾತ್ರ ಲೇ-ಆಫ್. ಬಾ ಎಂದು ಕರೆದು ಆಗಲೂ ಕೆಲಸ ಕೊಡದಿದ್ದರೆ? ಆ ಎರಡನೆಯ ಅರ್ಧಕ್ಕೆ ಪೂರ್ತಿ ಕೂಲಿ ಕೊಡಲೇಬೇಕಿತ್ತು. ಎಂಟು ರೂಪಾಯಿ ದಿನಗೂಲಿ ಎಂದಿಟ್ಟುಕೊಳ್ಳಿ. ಇಡೀ ದಿನ ಲೇ-ಆಫ್ ಆದರೆ ನಾಲ್ಕು. ಅರ್ಧ ದಿನ ದುಡಿದರೆ ದುಡಿದದ್ದಕ್ಕೆ ನಾಲ್ಕು, ದುಡಿಯಲು ಸಿಗದ ಅರ್ಧಕ್ಕೆ ಎರಡು, ಒಟ್ಟು ಆರು. ಅದೇ ಆ ಮುಕ್ಕಾಲು.

ಅರ್ಧ ದಿನ ದುಡಿದವನು ಕೂತವನಿಗಿಂತ ಎರಡು ರೂಪಾಯಿ ಹೆಚ್ಚೇ ಮನೆಗೆ ಒಯ್ಯುತ್ತಿದ್ದ, ಕಡಿಮೆ ಅಲ್ಲ. ಗಣಕಯಂತ್ರವಿಲ್ಲದ ಕಾಲದಲ್ಲಿ, ಮಸಿ ಪೆನ್ನಿನಲ್ಲಿ ಗಿರಣಿಯ ಗುಮಾಸ್ತರು ಈ ಲೆಕ್ಕ ಬರೆದಿದ್ದಾರೆ.

ಇನ್ನೂ ಒಂದು ವಿಷಯ. ಲೇ-ಆಫ್ ಪರಿಹಾರ ಯಾವಾಗ ತಪ್ಪುತ್ತದೆಂದು ಅದೇ ಕಾಯ್ದೆಯ 25-ಇ ಕಲಂ ಹೇಳುತ್ತಿತ್ತು. ಐದು ಮೈಲಿಯೊಳಗೆ ಅದೇ ಮಾಲೀಕ ಅಷ್ಟೇ ಕೂಲಿಯ, ಹೊಸ ಕೌಶಲ ಬೇಡದ ಬೇರೆ ಕೆಲಸ ಕೊಟ್ಟಾಗ ನಿರಾಕರಿಸಿದರೆ. ದಿನಕ್ಕೊಮ್ಮೆ ಗೊತ್ತಾದ ಹೊತ್ತಿಗೆ ಹಾಜರಿ ಹಾಕದಿದ್ದರೆ. ಕಾರ್ಖಾನೆಯ ಇನ್ನೊಂದು ಭಾಗದ ಮುಷ್ಕರದಿಂದ ಕೆಲಸ ನಿಂತಿದ್ದರೆ. ಈ ಮೂರೇ. ಹೊರಗೆ ನಾಲ್ಕು ಕಾಸು ದುಡಿದರೆ ಪರಿಹಾರ ಕಟ್ ಎಂಬ ಮಾತು ಅಲ್ಲಿರಲಿಲ್ಲ. ನಮ್ಮಪ್ಪ ಗೇಟಿನಲ್ಲಿ ಹಾಜರಿ ಹಾಕಿ, ಬುತ್ತಿ ಮನೆಗೆ ಕೊಟ್ಟು, ಮಂಡಿಪೇಟೆಗೆ ಹಮಾಲಿಗೆ ಹೋಗುತ್ತಿದ್ದರು. ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಮುಚ್ಚಿಡಬೇಕಾದ ಕಾರಣವೇ ಇರಲಿಲ್ಲ. ಅವರ ಮೊಮ್ಮಗಳ ವಯಸ್ಸಿನ ಹುಡುಗಿ ಇಂದು ಬೆಳಗಿನ ಮೂರು ತಾಸಿನ ಪಾಠವನ್ನು ಕಳ್ಳಬಟ್ಟಿಯಂತೆ ಬಚ್ಚಿಡಬೇಕಾಗಿದೆ.

ಗಿರಣಿಯ ಪರಿಹಾರ ಮಾಲೀಕನ ಜೇಬಿನದು, ಯುವನಿಧಿ ಸರ್ಕಾರದ ಬೊಕ್ಕಸದ್ದು, ಎರಡನ್ನೂ ತೂಗಬಾರದು ಎಂದು ಕೆಲವರು ಹೇಳಿಯಾರು. ನಿಜ. ತೂಗುತ್ತಿರುವುದು ಹಣವನ್ನಲ್ಲ, ಅಳತೆಗೋಲನ್ನು. ಈಗಿನ ಬೇರೆ ನಿಯಮಗಳಲ್ಲೂ ಅರ್ಧಕ್ಕೆ ಜಾಗ ಕಡಿಮೆಯೇ. ಇ.ಎಸ್.ಐ.ಯಲ್ಲಿ 2018ರಿಂದ ಅಟಲ್ ಬಿಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಎಂಬುದಿದೆ. ಕೆಲಸ ಕಳೆದುಕೊಂಡ ವಿಮಾದಾರನಿಗೆ ಮೊದಲು ಸರಾಸರಿ ವೇತನದ ಕಾಲು ಭಾಗ, 2020ರಲ್ಲಿ ಅದನ್ನು ಅರ್ಧಕ್ಕೆ ಏರಿಸಿದರು. ಗರಿಷ್ಠ 90 ದಿನ, ಅದೂ ಜೀವನದಲ್ಲಿ ಒಮ್ಮೆ. ಆದರೆ ಕೆಲಸ ಪೂರ್ತಿ ಹೋಗಿರಬೇಕು. ವಾರಕ್ಕೆ ಆರು ದಿನ ಇದ್ದದ್ದು ಮೂರು ದಿನಕ್ಕೆ ಇಳಿದರೆ ಅದರ ಲೆಕ್ಕದಲ್ಲಿ ಏನೂ ಆಗಿಲ್ಲ. ಇಳಕಲ್ಲು, ಬನಹಟ್ಟಿ ಕಡೆಯ ನಮ್ಮ ನೇಕಾರ ಬಂಧುಗಳಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ. ನೂಲಿನ ದರ ಏರಿದಾಗ ಮಗ್ಗ ಪೂರ್ತಿ ನಿಲ್ಲುವುದಿಲ್ಲ, ಅರ್ಧ ನಿಲ್ಲುತ್ತದೆ. ಅರ್ಧ ನಿಂತ ಮಗ್ಗಕ್ಕೆ ಯಾವ ಕಚೇರಿಯಲ್ಲೂ ಅರ್ಜಿ ನಮೂನೆ ಇಲ್ಲ.

ದೇಶದ ಉದ್ಯೋಗ ಸಮೀಕ್ಷೆಯ ಅಳತೆಯೂ ಇಲ್ಲಿ ನೆನೆಯತಕ್ಕದ್ದು. ವಾರದ ಲೆಕ್ಕದಲ್ಲಿ ಆ ಏಳು ದಿನಗಳ ಪೈಕಿ ಯಾವುದಾದರೊಂದು ದಿನ ಒಂದು ತಾಸು ದುಡಿದವನನ್ನೂ ಉದ್ಯೋಗಸ್ಥ ಎಂದೇ ಎಣಿಸುತ್ತಾರೆ. ಜಗತ್ತಿನ ಎಲ್ಲೆಡೆ ಎಣಿಕೆಗೆ ಹೆಚ್ಚುಕಡಿಮೆ ಇದೇ ಪದ್ಧತಿ, ಅದಕ್ಕೆ ನನ್ನ ತಕರಾರಿಲ್ಲ. ಎಣಿಸುವ ಕೋಲಿನಿಂದಲೇ ಅನ್ನ ಅಳೆಯಬಾರದು ಎಂಬುದಷ್ಟೇ ನನ್ನ ಮಾತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಜರ್ಮನಿಯಲ್ಲಿದ್ದಾನೆ. ಫೋನಿನಲ್ಲಿ ಈ ವಿಷಯ ಬಂದಾಗ ಅಲ್ಲಿನ ನಿಯಮ ಹೇಳಿದ. ಅಲ್ಲಿ ನಿರುದ್ಯೋಗ ವಿಮೆಯ ಹಣ ಪಡೆಯುವವನು ವಾರಕ್ಕೆ 15 ತಾಸಿಗಿಂತ ಕಡಿಮೆ ಕೆಲಸ ಮಾಡಬಹುದು. ತಿಂಗಳಿಗೆ 165 ಯೂರೋವರೆಗಿನ ಗಳಿಕೆಯನ್ನು ಮುಟ್ಟುವುದಿಲ್ಲ, ಅದಕ್ಕೆ ಮೇಲ್ಪಟ್ಟದ್ದನ್ನು ಭತ್ಯೆಯಲ್ಲಿ ಕಳೆಯುತ್ತಾರೆ. ಕಾರ್ಖಾನೆಯೇ ಕೆಲಸದ ತಾಸು ಇಳಿಸಿದರೆ ಅದಕ್ಕೆ ಬೇರೆ ಏರ್ಪಾಡು: ಕಡಿಮೆಯಾದ ನಿವ್ವಳ ಸಂಬಳದ ಶೇ. 60, ಮಕ್ಕಳಿದ್ದರೆ ಶೇ. 67. ಅದು ಕೆಲಸಗಾರರೂ ಮಾಲೀಕರೂ ಸಂಬಳದಿಂದ ಕಂತು ಕಟ್ಟಿದ ವಿಮೆಯ ಹಣ, ನಮ್ಮದು ಹಾಗಲ್ಲ. ಅವರ ಮೊತ್ತವನ್ನು ನಾವು ಕೇಳುವಂತಿಲ್ಲ. ಮೆಟ್ಟಿಲು ಕಟ್ಟುವ ರೀತಿಯನ್ನಂತೂ ನೋಡಬಹುದಲ್ಲ?

ಸಂಗಮದಲ್ಲಿ ಈ ವಿಚಾರ ಎತ್ತಿದಾಗ ನಮ್ಮ ಹಿರಿಯರೊಬ್ಬರು ಸಿಟ್ಟಾದರು. "ಮೇಷ್ಟ್ರೇ, ದುಡಿಯದವರಿಗೆ ದುಡ್ಡು ಕೊಡೋದೇ ಕಾಯಕಕ್ಕೆ ಅಪಚಾರ. ಅದರ ಮ್ಯಾಲೆ ದುಡಿಯೋರಿಗೂ ಕೊಡ್ರಿ ಅಂತೀರಲ್ಲ. ಆಯ್ದಕ್ಕಿ ಲಕ್ಕಮ್ಮ ಏನು ಮಾಡಿದಳು? ಗಂಡ ತಂದ ಹೆಚ್ಚಿನ ಅಕ್ಕಿ ತಿರುಗಿ ಕೊಟ್ಟು ಬಾ ಅಂದಳು." ಸಭೆ ತಲೆದೂಗಿತು. ಅವರು ಎಪ್ಪತ್ತೆಂಟರ ವಯಸ್ಸಿನಲ್ಲೂ ಹೊಲಕ್ಕೆ ಹೋಗುವವರು. ಅವರ ಬಾಯಲ್ಲಿ ಆ ಮಾತಿಗೆ ತೂಕವಿದೆ. ಅಂದು ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ.

ಮನೆಗೆ ಬಂದು ಯೋಚಿಸಿದೆ. ಲಕ್ಕಮ್ಮ ತಿರುಗಿ ಕಳಿಸಿದ್ದು ಅಂದಿನ ಅಗತ್ಯ ಮೀರಿದ ಅಕ್ಕಿಯನ್ನು. ನೀನು ಎರಡು ಹಿಡಿ ಆಯ್ದೆ, ಆದ್ದರಿಂದ ಮನೆಯಲ್ಲಿದ್ದದ್ದನ್ನೂ ಸುರಿದು ಬಾ ಎನ್ನಲಿಲ್ಲ. ಎರಡೂವರೆ ಸಾವಿರಕ್ಕೆ ಮೂರು ಸಾವಿರ ಸೇರಿದರೆ ಐದೂವರೆ ಸಾವಿರ. ಅಪ್ಪ ಇಲ್ಲದ, ತಾಯಿ ಹೊಲಿಗೆ ಹಾಕುವ, ತಮ್ಮ ಐ.ಟಿ.ಐ. ಓದುವ ಮನೆಗೆ ಇದರಲ್ಲಿ ಅಗತ್ಯ ಮೀರಿದ್ದು ಎಷ್ಟು? ಎರಡನೆಯದಾಗಿ, ಕಾಯಕದ ಹೆಸರಿನಲ್ಲಿ ನಾವು ಸಿಟ್ಟಾಗಬೇಕಾದದ್ದು ಯಾವ ನಿಯಮದ ಮೇಲೆ? ಕೆಲಸ ಹುಡುಕುವವನಿಗೆ ಎರಡು ವರ್ಷ ಆಸರೆಯಾಗುವ ನಿಯಮದ ಮೇಲೋ, ಕೈಗೆ ಸಿಕ್ಕ ಸಣ್ಣ ಕಾಯಕವನ್ನು ಮಾಡಿದ ದಿನವೇ ದಂಡ ಹಾಕುವ ನಿಯಮದ ಮೇಲೋ? ಮುಂದಿನ ಭಾನುವಾರ ಹಿರಿಯರಿಗೆ ಹೀಗೆಂದೆ. "ಲೆಕ್ಕ ಏನೋ ಸರಿ ಐತಿ, ಆದ್ರೂ ನನಗೆ ಒಪ್ಪಿಗಿಲ್ಲ" ಎಂದರು. ಪ್ರಸಾದಕ್ಕೆ ಮಾತ್ರ ಪಕ್ಕದಲ್ಲೇ ಕೂತರು.

ಅವರ ಮಾತಿನಲ್ಲಿ ನಾನು ಒಪ್ಪುವ ಒಂದಂಶವಿದೆ. ಅರ್ಧ ದುಡಿದವರಿಗೆ ಸರ್ಕಾರ ಭತ್ಯೆ ಕೊಟ್ಟರೆ ಅದರ ಲಾಭ ಹೊಡೆಯುವವರು ಹುಡುಗರಲ್ಲ, ಕೆಲಸ ಕೊಡುವವರು ಎಂಬ ಭಯ. ಹೇಗೂ ಸರ್ಕಾರ ಮೂರು ಸಾವಿರ ಕೊಡುತ್ತದಲ್ಲ ಎಂದು ಸಂಬಳ ಇಳಿಸುವವರು, ಪೂರ್ತಿ ದಿನದ ಕೆಲಸವನ್ನು ಎರಡು ಅರ್ಧ ಮಾಡುವವರು ಇರುತ್ತಾರೆ. ಇದು ಊಹೆಯ ಮಾತಲ್ಲ. ಈಗಾಗಲೇ ನಡೆಯುತ್ತಿದೆ, ನಮ್ಮ ನಡುವೆಯೇ ನಡೆಯುತ್ತಿದೆ. ಈಗ ಆ ಹುಡುಗಿಯ ಎರಡನೆಯ ಭೇಟಿಗೆ ಬರುತ್ತೇನೆ.

ಮೂರು ತಿಂಗಳ ಮೇಲೆ ಅವಳು ಬಂದದ್ದು ಬೇರೆ ಪ್ರಶ್ನೆ ಹಿಡಿದು. ಒಂದು ಕಡೆ ಪೂರ್ಣಾವಧಿ ಶಿಕ್ಷಕಿಯ ಕೆಲಸ ಖಾಲಿ ಇತ್ತು. ಅನುಭವದ ಪ್ರಮಾಣಪತ್ರ ಕೇಳಿದ್ದರು.

"ಸರ್, ಸಾಲ್ಯಾಗ ಸರ್ಟಿಫಿಕೇಟ್ ಕೇಳಿದೆ. 'ನಿನ್ನ ಹೆಸರು ಹಾಜರಿ ಪುಸ್ತಕದಾಗ ಇಲ್ಲಲ್ಲ ತಂಗಿ, ನಿನಗ ಯುವನಿಧಿ ತಪ್ಪಬಾರದು ಅಂತ ನಾವೇ ಹಾಕಿಲ್ಲ' ಅಂದ್ರು. ಕೊಟ್ರೆ ನಾನು ಸುಳ್ಳು ಹೇಳಿದ್ದು ಗೊತ್ತಾಗ್ತತಿ. ಕೊಡದಿದ್ರೆ ನಾನು ಕಲಿಸಿದ್ದಕ್ಕೆ ಸಾಕ್ಷಿ ಇಲ್ಲ. ಈಗ ಏನು ಮಾಡ್ಲಿ?"

ನನಗೆ ಮಾತು ಬರಲಿಲ್ಲ. "ಒತ್ತು" ಎಂದವನು ನಾನೇ. ಅವಳು ಒಂದು ಮಾತಿನಲ್ಲೂ ನನ್ನನ್ನು ಅನ್ನಲಿಲ್ಲ, ಅದೇ ಕಷ್ಟವಾಯಿತು. ಯಾವ ಶಾಲೆ ಎಂದು ಕೇಳಿದೆ. ಹೇಳಿದಳು. ನಮ್ಮದೇ ಸಮಾಜದ ಸಂಸ್ಥೆ. ಗೋಡೆಯ ಮೇಲೆ ಬಸವಣ್ಣನವರ ದೊಡ್ಡ ಚಿತ್ರವಿರುವ ಶಾಲೆ. ಹೆಸರು ಬರೆಯುವುದಿಲ್ಲ, ಬರೆದರೆ ಉಳಿದ ಸಂಸ್ಥೆಗಳವರು ನೆಮ್ಮದಿಯಿಂದ ಪುಟ ತಿರುವಿಬಿಡುತ್ತಾರೆ.

ಆ ಸಂಸ್ಥೆಯ ಕಾರ್ಯದರ್ಶಿಗಳನ್ನು ಕಂಡು ಮಾತಾಡಿದೆ. ಕೆಟ್ಟವರೇನಲ್ಲ. "ಬಡ ಹುಡುಗಿ ಸರ್, ಎರಡೂ ಕಡೆಯಿಂದ ಸಿಗಲಿ ಅಂತ ಹಾಗೆ ಮಾಡಿದ್ವಿ" ಎಂದರು. ಹೊರಗಿನಿಂದ ನೋಡಿದರೆ ಕರುಣೆಯಂತೆಯೇ ಕಾಣುತ್ತದೆ. ಲೆಕ್ಕದ ಪುಸ್ತಕದಂತೆ ನೋಡಿದರೆ ಬೇರೆ. ಹಾಜರಿಯಲ್ಲಿ ಹೆಸರಿಲ್ಲದ್ದರಿಂದ ಸಂಸ್ಥೆಗೆ ಭವಿಷ್ಯ ನಿಧಿ ಇಲ್ಲ, ರಜೆ ಇಲ್ಲ, ನೇಮಕ ಪತ್ರ ಇಲ್ಲ, ನಾಳೆ ಬರಬೇಡ ಎಂದರೆ ಕೇಳುವವರಿಲ್ಲ. ಗಣಿತದ ಶಿಕ್ಷಕಿಗೆ ಕೊಡಬೇಕಾದ ಸಂಬಳದ ದೊಡ್ಡ ಪಾಲನ್ನು ಬೊಕ್ಕಸ ಕೊಡುತ್ತಿದೆ, ಸುಳ್ಳಿನ ಭಾರವನ್ನು ಹುಡುಗಿ ಹೊರುತ್ತಿದ್ದಾಳೆ. ಸಿಕ್ಕಿಬಿದ್ದರೆ ವಸೂಲಿ ನೋಟಿಸ್ ಬರುವುದು ಸಂಸ್ಥೆಯ ವಿಳಾಸಕ್ಕಲ್ಲ, ಅವಳ ಮನೆಗೆ. ಲಕ್ಕಮ್ಮನ ಪ್ರಶ್ನೆಯನ್ನು ಇಲ್ಲಿ ಕೇಳಬೇಕಿತ್ತು: ಹೆಚ್ಚಿನ ಅಕ್ಕಿ ಯಾರ ಚೀಲದಲ್ಲಿದೆ? ಅದೇ ಸಂಸ್ಥೆ ಆ ವರ್ಷ ಸಭಾಭವನಕ್ಕೆ ಗ್ರಾನೈಟ್ ಹಾಸಿತು.

ಅರ್ಧಕ್ಕೆ ಕಾಲಂ ಇಲ್ಲದ ನಿಯಮ ಮಾಡುವ ಹಾನಿ ಇದು. ಕೆಲಸವನ್ನು ಕತ್ತಲೆಗೆ ತಳ್ಳುತ್ತದೆ, ಕತ್ತಲೆಯಲ್ಲಿ ಕಡಿಮೆ ಕೂಲಿ ಕೊಡುವುದು ಸುಲಭ. ಅರೆಕೆಲಸವನ್ನು ಬೆಳಕಿಗೆ ತಂದರೆ, ಅಂದರೆ ಎಲ್ಲಿ, ಎಷ್ಟು ತಾಸು, ಎಷ್ಟು ಸಂಬಳ ಎಂದು ಘೋಷಣೆಯಲ್ಲೇ ಬರೆಯುವಂತಾದರೆ, ಸರ್ಕಾರಕ್ಕೆ ಮೊದಲ ಬಾರಿಗೆ ಗೊತ್ತಾಗುತ್ತದೆ: ಯಾವ ಶಾಲೆ, ಯಾವ ಅಂಗಡಿ, ಯಾವ ಆಸ್ಪತ್ರೆ ಪದವೀಧರರನ್ನು ಎರಡೂವರೆ ಸಾವಿರಕ್ಕೆ ದುಡಿಸುತ್ತಿದೆ ಎಂದು. ಹಿರಿಯರ ಭಯಕ್ಕೆ ನನ್ನಲ್ಲಿರುವ ಉತ್ತರ ಇಷ್ಟೇ, ಪೂರ್ತಿ ಉತ್ತರವಲ್ಲವೆಂದು ನನಗೂ ಗೊತ್ತು.

ನಿಯಮ ಹೇಗಿರಬೇಕು? ನನ್ನ ಸಲಹೆ ಸರಳ. ತಿಂಗಳಿಗೆ 3,000 ರೂಪಾಯಿವರೆಗಿನ ಗಳಿಕೆಯನ್ನು ಮುಟ್ಟಬೇಡಿ. ಅದರ ಮೇಲೆ ಬಂದ ಪ್ರತಿ ಎರಡು ರೂಪಾಯಿಗೆ ಭತ್ಯೆಯಲ್ಲಿ ಒಂದು ರೂಪಾಯಿ ಕಡಿಯಿರಿ. ಲೆಕ್ಕದ ಹುಡುಗಿಗೆ 2,500 ಮತ್ತು ಪೂರ್ತಿ 3,000. ಮೊಬೈಲ್ ಅಂಗಡಿಯವನಿಗೆ 4,000 ಬಂದರೆ ಮೇಲಿನ ಸಾವಿರಕ್ಕೆ ಐದು ನೂರು ಕಡಿತ, ಭತ್ಯೆ 2,500, ಒಟ್ಟು 6,500. 9,000 ದುಡಿಯುವ ಹೊತ್ತಿಗೆ ಭತ್ಯೆ ತಾನೇ ಸೊನ್ನೆಯಾಗುತ್ತದೆ, ಯಾರೂ ಕಡಿಯಬೇಕಿಲ್ಲ. ಯಾವ ಮೆಟ್ಟಿಲಿನಲ್ಲೂ ದುಡಿದವನು ಕೂತವನಿಗಿಂತ ಬಡವನಾಗುವುದಿಲ್ಲ. ಡಿಪ್ಲೊಮಾದವರಿಗೆ ಅಂಕಿಗಳನ್ನು ಅರ್ಧ ಮಾಡಿ. ಅಪ್ರೆಂಟಿಸ್ ಭತ್ಯೆಯನ್ನೂ ಗಳಿಕೆಯಂತೆಯೇ ಎಣಿಸಿ, ಹೊರಗಿಡಬೇಡಿ, ಕೆಲಸ ಕಲಿಯುವವನನ್ನು ಶಿಕ್ಷಿಸಿ ಯಾರಿಗೆ ಲಾಭ? ಸುಳ್ಳು ಅಂಕಿ ಬರೆದರೆ ಏನು ಎನ್ನುತ್ತೀರಿ. ಈಗಲೂ ಇಡೀ ಯೋಜನೆ ನಿಂತಿರುವುದು ಸ್ವಯಂ ಘೋಷಣೆಯ ಮೇಲೆಯೇ. ಒಂದು ಪೂರ್ತಿ ಸುಳ್ಳಿಗಿಂತ ಒಂದು ಅಂಕಿಯನ್ನು ತನಿಖೆ ಮಾಡುವುದು ಕಷ್ಟವೇನಲ್ಲ.

ಸರ್ಕಾರ ಕೇಳುವವರೆಗೆ ಕಾಯದೆ ನಾವು ಮಾಡಬಹುದಾದದ್ದೂ ಇದೆ, ಇದು ಮಠಗಳ ಮತ್ತು ನಮ್ಮ ಶಿಕ್ಷಣ ಸಂಸ್ಥೆಗಳ ಕಡೆ ತಿರುಗಿ ಹೇಳುವ ಮಾತು. ಅರೆದಿನಕ್ಕೆ ಯಾರನ್ನಾದರೂ ಕರೆದರೆ ಕಾಗದದ ಮೇಲೆ ಕರೆಯಿರಿ. ತಾಸು ಬರೆಯಿರಿ, ಸಂಬಳ ಬರೆಯಿರಿ, ಹಾಜರಿ ಪುಸ್ತಕದಲ್ಲಿ ಹೆಸರು ಹಾಕಿ. ಅದರಿಂದ ಅವರ ಭತ್ಯೆ ತಪ್ಪುವುದಾದರೆ, ಕಡೆಯ ಪಕ್ಷ ಅವರು ಸತ್ಯ ಹೇಳಿ ನಷ್ಟಪಡದಷ್ಟಾದರೂ ಸಂಬಳ ಕೊಡಿ. ದಾಸೋಹಕ್ಕೆ ಮೂಟೆಗಟ್ಟಲೆ ಅಕ್ಕಿ ಕೊಡುವ ಭಕ್ತರಿಗೆ ಇದನ್ನೂ ತಿಳಿಸಿ ಕೇಳಿದರೆ ಇಲ್ಲವೆನ್ನುವುದಿಲ್ಲ.

ಹುಡುಗಿಯ ವಿಷಯ ಕೇಳುವಿರಾದರೆ, ಅವಳು ಆ ತಿಂಗಳಿನಿಂದ ಘೋಷಣೆ ಕೊಡುವುದನ್ನು ನಿಲ್ಲಿಸಿದಳು. ನಾನು ಹೇಳಿದ್ದಲ್ಲ, ನನ್ನ ಸಲಹೆಯನ್ನು ಅವಳು ಮತ್ತೆ ಕೇಳಲಿಲ್ಲ. ಮೂರು ಸಾವಿರ ನಿಂತಿತು. ಬೆಳಗಿನ ಪಾಠ ನಡೆದಿದೆ. ಕಾರ್ಯದರ್ಶಿಗಳು ಹಾಜರಿಯಲ್ಲಿ ಹೆಸರು ಹಾಕಿದ್ದಾರೆ, ಸಂಬಳದ ಮಾತು ಮುಂದಿನ ಆಡಳಿತ ಮಂಡಳಿ ಸಭೆಗೆ ಹೋಗಿದೆ.

ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆಗೆ ಒಂದು ಮನವಿ ಬರೆದು ನಮ್ಮ ಮಠದ ಕಚೇರಿಯಲ್ಲಿಟ್ಟಿದ್ದೇನೆ. ಬೇರೆ ಊರಿನ ಶರಣ ಬಂಧುಗಳು ತಮ್ಮ ತಮ್ಮ ಮಠಗಳಲ್ಲಿ ಇಂಥದ್ದನ್ನೇ ಬರೆದು ಕಳಿಸಬಹುದು. ಸಹಿ ಮಾಡುವ ಯುವಕ ಯುವತಿಯರು ಹೆಸರಿನ ಮುಂದೆ ದಿನಕ್ಕೆ ಎಷ್ಟು ತಾಸು ಕೆಲಸ, ತಿಂಗಳಿಗೆ ಎಷ್ಟು ಸಂಬಳ ಎಂಬುದನ್ನೂ ಬರೆಯಲಿ. ಹೆಸರು ಬರೆಯಲು ಹೆದರುವವರು ಅಂಕಿಗಳನ್ನಷ್ಟೇ ಬರೆದರೂ ಸಾಕು.